ಬಾಗಿಲ ಕಂಬದ ಅಳತೆ

ಲಾರಿ, ವ್ಯಾನುಗಳ ಒಳಗೆ ಮರಗೆಲಸ ಮಾಡುವ ನಮ್ಮ ಶೆಡ್ಡಿನಲ್ಲಿ ಪ್ಲೈವುಡ್ ಕೊಯ್ಯುವ ಮೊದಲು ಸೀಮೆಸುಣ್ಣ ಹಿಡಿಯುವುದು ಪದ್ಧತಿ. ಗಾಡಿಯ ಒಳಗಿನ ಅಳತೆಯನ್ನು ಅಂಗಳದಲ್ಲಿ ಪೂರ್ತಿ ಬರೆದು, ಮಾಲೀಕರನ್ನೇ ಅದರೊಳಗೆ ಓಡಾಡಿಸಬೇಕು. ಖಾಜಾಸಾಬ್ ಉಸ್ತಾದರು ಹರಪನಹಳ್ಳಿಯಲ್ಲಿ ನಲವತ್ತು ವರ್ಷದಿಂದ ಹಾಗೇ ಮಾಡುತ್ತ ಬಂದವರು. ನನಗೂ ಅದನ್ನೇ ಕಲಿಸಿದರು.

ಅವತ್ತು ಆ ಗೆರೆಗಳ ನಡುವೆ ನಿಂತಿದ್ದವಳು ಕ್ರಾಂತಿ. ಹನ್ನೊಂದು ವರ್ಷದ ಮೇಲೆ!

ಹತ್ತನೇ ಕ್ಲಾಸಿನವರೆಗೆ ಶೆಡ್ಡಿನ ಪಕ್ಕದ ಮನೆಯಲ್ಲಿದ್ದಳು. ಅವಳಪ್ಪನಿಗೆ ವರ್ಗವಾಗಿ ಲಾರಿಗೆ ಸಾಮಾನು ಏರಿಸಿದ ಬೆಳಗ್ಗೆ, ನಾನು ಹೇಳಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು. ಈಗ ಡ್ರಾಯಿಂಗ್ ಟೀಚರ್. ಹಳೇ ವ್ಯಾನೊಂದನ್ನು ಕೊಂಡು, ಒಳಗೇ ಉಂಡು ಮಲಗುವಂಥ ಕ್ಯಾಂಪರ್ ಮಾಡಿಸಲು ತಂದಿದ್ದಾಳೆ. ರಜೆಯಲ್ಲಿ ಊರೂರು ಸುತ್ತಿ ಚಿತ್ರ ಬರೆಯುತ್ತಾಳಂತೆ. ನಕ್ಕರೆ ಎಡಗೆನ್ನೆಯಲ್ಲಿ ಅದೇ ಗುಳಿ. ಸುಡುಗಾಡು, ಅದಾದರೂ ಬದಲಾಗಬಾರದಿತ್ತೇ!

ಚೀಟಿ ಕೊಟ್ಟಳು. ಫ್ರಿಜ್, ಟಿವಿ, ಓವನ್, ಎಸಿ, ಸೀರಿಯಲ್ ಲೈಟು. ಕೊನೆಗೆ, ಇಬ್ಬರು ಮಲಗುವ ಹಾಸಿಗೆ. ನನ್ನ ಕಣ್ಣು ಅಲ್ಲೇ ನಿಂತಿತು.

"ಇಬ್ಬರಿಗೇನ್ರಿ ಮೇಡಂ?"

"ಮೇಡಂ ಅಂತ ಮೇಡಂ! ಕ್ರಾಂತಿ ಅನ್ನೋ. ಹೂಂ, ಇಬ್ಬರಿಗೆ."

ಯಾವನೋ ಪುಣ್ಯಾತ್ಮ ಇದ್ದಾನೆ ಅಂದಮೇಲೆ ನನಗೇನು? ಅವಳು ಬರೆದದ್ದನ್ನೆಲ್ಲ ಸೀಮೆಸುಣ್ಣ ಒತ್ತಿ ಒತ್ತಿ ಗೀಚಿದೆ. "ಈಗ ಇದರಾಗ ನಿಂತು ಚಾ ಕಾಸಿ ತೋರಸ್ರಿ."

ತಿರುಗಿದಳು. ಕಾಲು ಫ್ರಿಜ್ಜಿನೊಳಗೆ, ಮೊಣಕೈ ಟಿವಿಯೊಳಗೆ.

"ನಿಂದ್ರಾಕ ಜಾಗಾನ ಇಲ್ಲಲ್ಲೋ ಮೈಲಾರಿ!"

"ಮತ್ತ? ಅಕ್ಕಿ ಮ್ಯಾಲೆ ಆಸಿ, ನೆಂಟರ ಮ್ಯಾಲೆ ಪ್ರೀತಿ ಅಂದ್ರ ಹೆಂಗ?"

ಒಂದೊಂದಾಗಿ ಅಳಿಸಿದೆವು. ಕಿಟಕಿ ಇರುವಾಗ ಟಿವಿ ಬೇಡ. ಓವನ್ ಬದಲು ಒಂದು ಒಲೆಯ ಸ್ಟೌ. ಎಸಿ ಬ್ಯಾಟರಿಯನ್ನೆಲ್ಲ ತಿಂದುಹಾಕುತ್ತದೆ. ಮೇಲೊಂದು ಸೋಲಾರ್, ಒಳಗೊಂದು ಫ್ಯಾನ್ ಸಾಕು. ಅವಳು ಬರೆಯದೇ ಇದ್ದ ಬೆಂಕಿ ಆರಿಸುವ ಸಿಲಿಂಡರನ್ನು ನಾನೇ ಸೇರಿಸಿದೆ.

"ಕಿಟಕಿಗೆ ಮೆಶ್ ಹಾಕಸ್ರಿ. ಮಾಗಳದ ಹೊಳಿ ದಂಡ್ಯಾಗ ಗಾಡಿ ನಿಲ್ಲಿಸಿದ್ರ ಸೊಳ್ಳಿ ನಿಮ್ಮನ್ನ ಹೊತ್ಕೊಂಡು ಹೋಗ್ತಾವ."

"ಮಾಗಳ ನೆನಪೈತೇನು?"

ಏಳನೇ ಕ್ಲಾಸಿನ ಟೂರು. ನನ್ನ ಬುತ್ತಿ ಹೊಳೆಗೆ ಬಿದ್ದಿತ್ತು. ಅವಳು ರೊಟ್ಟಿ ಮುರಿದು, ದೊಡ್ಡ ಚೂರು ನನಗೆ ಕೊಟ್ಟು, ತನಗೆ ಹಸಿವಿಲ್ಲವೆಂದು ಸುಳ್ಳು ಹೇಳಿದ್ದಳು. ಆ ರೊಟ್ಟಿಯ ರುಚಿ ಇನ್ನೂ ನಾಲಿಗೆ ಮೇಲಿದೆ.

"ಅಷ್ಟೇನಿಲ್ಲ," ಎಂದೆ.

ಅವಳ ಮುಖ ಸಣ್ಣದಾಯಿತು. ಪಕ್ಕದಲ್ಲಿ ಕೂತು ಚಾ ಬಸಿಗೆ ಸುರಿದು ಕುಡಿಯುತ್ತಿದ್ದ ಉಸ್ತಾದರು ಬಸಿ ಕೆಳಗಿಟ್ಟರು.

"ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ ಜನ. ನಮ್ಮ ಕೆಲಸದಾಗ ಉಲ್ಟಾ. ಕಾಲು ನೋಡಿ ಹಾಸಿಗಿ ಮಾಡಬೇಕು. ಆ ಇನ್ನೊಬ್ಬರ ಎತ್ತರ ಕೇಳಲೇ."

ಕೇಳಲೇಬೇಕಾಯಿತು. "ಅವರನ್ನ ನಾಳಿ ಕರಕೊಂಡು ಬರ್ರಿ. ಅಳತಿ ತಗೋತೀನಿ."

"ಯಾಕ ಕರಕೊಂಡು ಬರೋದು? ಆ ಅಳತಿ ನಿಮ್ಮ ಶೆಡ್ಡಿನಾಗ ಐತಿ."

ಬಾಗಿಲ ಕಂಬದ ಹತ್ತಿರ ಹೋದಳು. ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಉಸ್ತಾದರು ಓಣಿಯ ಮಕ್ಕಳನ್ನೆಲ್ಲ ಅದಕ್ಕೆ ಒರಗಿಸಿ, ಎತ್ತರ ನೋಡಿ, ಮೊಳೆಯಿಂದ ಗೆರೆ ಕೊರೆಯುತ್ತಿದ್ದರು. ಕ್ರಾಂತಿ ವೇಲಿನ ತುದಿಯಿಂದ ಜಿಡ್ಡು ಒರೆಸಿ, ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ಬೆರಳಿಟ್ಟಳು. ಪಕ್ಕದಲ್ಲಿ ನನ್ನ ಹೆಸರಿತ್ತು.

"ನಿಂದಿನ್ನೂ ಲಗ್ನ ಆಗಿಲ್ಲಂತ ಉಸ್ತಾದ್ರು ಫೋನಿನ್ಯಾಗ ಹೇಳಿದ್ರು. ನಮ್ಮ ಮನ್ಯಾಗ ಹೇಳೇ ಬಂದೀನಿ. ಒಲ್ಲೆ ಅನ್ನೋದಿದ್ರ ಈಗ ಅಂದುಬಿಡು ಮೈಲಾರಿ. ಒಬ್ಬಾಕಿ ಹಾಸಿಗಿ ಮಾಡಿಸ್ಕೊಂಡು ಹೋಗ್ತೀನಿ."

ಉಸ್ತಾದರು ಖಾಲಿ ಬಸಿಯನ್ನೇ ನೋಡುತ್ತ ಕೂತರು. ಇನ್ನೊಂದು ಸಲ ಲಾರಿ ಹೊರಡಲು ಬಿಡುವುದೇ?

"ಅದು ಹತ್ತನೇ ಕ್ಲಾಸಿನ ಅಳತಿ, ಕ್ರಾಂತಿ. ಆಮ್ಯಾಲೆ ಬೆಳದೀನಿ. ಅದಕ್ಕ ಮಾಡಿದ್ರ ನನ್ನ ಕಾಲು ಹೊರಗ ಬರ್ತಾವ."

ಅವಳ ಕಣ್ಣಲ್ಲಿ ನೀರು, ಕೆನ್ನೆಯಲ್ಲಿ ಗುಳಿ. ನಾನು ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಅವಳು ತುದಿಗಾಲಲ್ಲಿ ನಿಂತು, ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದಳು.

"ಅದು ಅಳಿಸಿ ಹೋಗತೈತವ್ವಾ," ಎಂದ ಉಸ್ತಾದರು, ಎದ್ದು ಬಂದು ಅವಳ ಕೈಗೆ ಒಂದು ಮೊಳೆ ಕೊಟ್ಟರು.