ಗೋಲುಕಂಬದ ಮರಳುಚೀಲಗಳು

ಭಾನುವಾರ ಬೆಳಗ್ಗೆ ಎಂಟೂವರೆಗೆ ಪಾರೀಸ ಉಪಾಧ್ಯೆ ಬೆಳಗಾವಿಯ ಠಾಣೆಗೆ ಓಡಿಬಂದಾಗ ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸದಾಶಿವನಗರದ ಫುಟ್‌ಬಾಲ್ ಮೈದಾನದಲ್ಲಿ ಕಬ್ಬಿಣದ ಗೋಲುಕಂಬ ಅವರ ಹನ್ನೆರಡು ವರ್ಷದ ಮಗ ಪಾರ್ಶ್ವನ ಮೇಲೆ ಉರುಳಿತ್ತು. ತಲೆಗೆ ಪೆಟ್ಟು ಬಿದ್ದು ತೊಡೆಯ ಮೂಳೆ ಮುರಿದಿತ್ತು. ಹುಡುಗನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಕುಂದರ್ರಿ," ಎಂದರು ಇನ್‌ಸ್ಪೆಕ್ಟರ್ ತ್ರ್ಯಂಬಕ ಜೋಶಿ.

"ಕುಂದರಾಕ ಆಗವಲ್ದರಿ ಸಾಹೇಬ್ರ. ಲಗೂ ಬರಕೋರ್ರಿ, ದವಾಖಾನಿಗೆ ಹೋಗಬೇಕು."

ನಿಂತೇ ಹೇಳಿದ ದೂರಿನ ಮೇಲೆ, ನಿರ್ಲಕ್ಷ್ಯದಿಂದ ತೀವ್ರ ಗಾಯ ಎಂದು ಎಫ್‌ಐಆರ್ ದಾಖಲಾಯಿತು. ತ್ರ್ಯಂಬಕರೂ ಒಂದೆಡೆ ಕೂರುವ ಆಸಾಮಿಯಲ್ಲ. ಚಹಾ ಬರುವಷ್ಟರಲ್ಲಿ ಜೀಪು ಗೇಟು ದಾಟಿತ್ತು.

ಒಂಬತ್ತೂ ಕಾಲಿಗೆ ಪಂಚನಾಮೆ ಶುರುವಾಯಿತು. ಕಂಬ ಮುಂದಕ್ಕೆ ಬೀಳದಂತೆ ಅದರ ಹಿಂದಿನ ಅಡ್ಡಪಟ್ಟಿಯ ಮೇಲೆ ಮರಳುಚೀಲ ಹೇರುತ್ತಾರೆ. ಎರಡೂ ಗೋಲುಗಳಲ್ಲಿ ಒಂದೂ ಚೀಲವಿರಲಿಲ್ಲ, ಅವು ಇದ್ದಲ್ಲಿ ಹುಲ್ಲು ಹಳದಿಯಾಗಿತ್ತು. ಕಾನ್‌ಸ್ಟೇಬಲ್ ಲಕ್ಷ್ಮಪ್ಪ ಸಾಮಾನಿನ ಕೋಣೆ ತೆರೆಸಿದ. ಖಾಲಿ ಚೀಲಗಳು ಇಸ್ತ್ರಿ ಅಂಗಿಗಳ ಹಾಗೆ ಮಡಚಿ ಚಾಪೆಯಡಿ ಇದ್ದವು. ಮರಳೆಲ್ಲ ಉದ್ದಜಿಗಿತದ ಗುಂಡಿ ಸೇರಿತ್ತು. ಬೀಗ ಮುರಿದಿರಲಿಲ್ಲ, ಕೀಲಿ ಇದ್ದದ್ದು ಇಬ್ಬರು ಕೋಚ್‌ಗಳ ಬಳಿ ಮಾತ್ರ.

ಒಬ್ಬ ಕೋಚ್ ರೋಹನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಎಷ್ಟು ವರ್ಷ ಆಡೀರಿ?"

"ಫುಟ್‌ಬಾಲ್ ಆಡೇ ಇಲ್ರಿ. ನಂದು ಕಬಡ್ಡಿ. ಕೋಚಿಂಗ್ ಲೈಸೆನ್ಸ್ ಅಷ್ಟ ಐತ್ರಿ. ಖರೇ ಆಟಗಾರ ಅಂದ್ರ ಅಜಿಂಕ್ಯ ಸರ್. ಗೋವಾದಾಗ ದೊಡ್ಡ ಕ್ಲಬ್ಬಿಗೆ ಆಡ್ಯಾರ."

"ನಿನ್ನೆ ಸಂಜಿ?"

"ನಂದಗಡದಾಗ ತಂಗಿ ನಿಶ್ಚಯ ಇತ್ರಿ. ಇವತ್ತ ಮುಂಜಾನೆ ಏಳರ ಮ್ಯಾಲ ಬಂದೆ. ಅಷ್ಟರಾಗ ಕಂಬ ಬಿದ್ದಿತ್ತು."

"ಚೀಲ ಇಲ್ಲಂದ್ರ ಇವತ್ತಿನ ಗೋವಾ ಮ್ಯಾಚ್ ಏನಾಗತಿತ್ತು?"

"ಏಳಕ್ಕ ರೆಫ್ರಿ ಕಂಬ ತಳ್ಳಿ ನೋಡ್ತಾರ. ಮ್ಯಾಚ್ ರದ್ದು. ಗೋವಾದ ಟೀಮ್ ದಾರ್ಯಾಗ ಜಾಂಬೋಟಿಯಿಂದನ ವಾಪಸ್ ಹೋಗತಿತ್ತು."

ಮರಳು ಸುರಿದವನಿಗೆ ಮರಳು ಬೇಕಿರಲಿಲ್ಲ, ಮ್ಯಾಚ್ ಬೇಡವಾಗಿತ್ತು.

ಇನ್ನೊಬ್ಬ ಕೋಚ್ ಅಜಿಂಕ್ಯ ಗುರವ ಆಸ್ಪತ್ರೆಯ ಹೊರಸಾಲೆಯಲ್ಲಿ ಅತ್ತಿತ್ತ ತಿರುಗುತ್ತಿದ್ದ.

"ಗೋವಾದಾಗ ಏನು ಆಡತಿದ್ರಿ?"

"ಲೆಫ್ಟ್ ವಿಂಗ್. ನಾಕ ವರ್ಷ."

"ದಿನಾ ಆರಕ್ಕ ಬರೂ ಕೋಚು ಇವತ್ತ ಏಳೂ ಕಾಲಕ್ಕ ಯಾಕ?"

"ಖಾನಾಪುರದ ಬಸ್ಸು ತಡ ಆತ್ರಿ."

ಲಕ್ಷ್ಮಪ್ಪ ಡಿಪೋಗೆ ಫೋನು ಹಚ್ಚಿದ. ಬಸ್ಸು ತಡವಾಗಿರಲಿಲ್ಲ.

ಗೋವಾದ ತಂಡ ಅಷ್ಟರಲ್ಲಿ ಮೈದಾನ ತಲುಪಿ ದಿಕ್ಕುತೋಚದೆ ಕುಳಿತಿತ್ತು. ಅವರ ಮುದಿ ಕೋಚನ್ನು ಲಕ್ಷ್ಮಪ್ಪ ಮರಾಠಿಯಲ್ಲಿ ವಿಚಾರಿಸಿದ. ಅಜಿಂಕ್ಯನ ಹೆಸರು ಕೇಳಿ ಮುದುಕನ ಮುಖ ಅರಳಿತು. ನಿಮ್ಮ ಕ್ಲಬ್ಬಿಗೆ ಆಡಿದ್ದನೇ ಎಂದು ಕೇಳಿದರೆ, ಇಲ್ಲವಲ್ಲ, ಜೆರ್ಸಿ ಒಗೆಯುತ್ತಿದ್ದ, ಗೋಲುಕಂಬಕ್ಕೆ ಮರಳು ಹೇರುತ್ತಿದ್ದ ಎಂದ. ಕೆಲಸ ಮುಗಿಸಿ ಗೆರೆಯಾಚೆ ನಿಂತು ಆಟ ಕಲಿತವನಂತೆ. ಅವನೀಗ ಕೋಚ್ ಆಗಿದ್ದಾನೆಂದು ತಿಳಿದು, ಅಪ್ಪಿಕೊಂಡು ಬರೋಣವೆಂದೇ ಮುದುಕ ಈ ಮ್ಯಾಚ್ ಒಪ್ಪಿದ್ದ.

ಮಧ್ಯಾಹ್ನ ಎರಡಕ್ಕೆ ಪಾರ್ಶ್ವ ಕಣ್ಣು ತೆರೆದ. ವೈದ್ಯರು ಎರಡೇ ಮಾತಿಗೆ ಒಪ್ಪಿದರು.

"ಏನಾತಪಾ?" ಎಂದರು ತ್ರ್ಯಂಬಕರು.

"ಅಜಿಂಕ್ಯ ಸರ್ ಬಂದಿರಲಿಲ್ಲ. ಕಂಬಕ್ಕ ಜೋತಾಡಿದೆ. ಚೀಲ ನೋಡದ ಕಂಬ ಮುಟ್ಟಬ್ಯಾಡ್ರಿ ಅಂತ ಸರ್ ದಿನಾ ಹೇಳತಿದ್ರು." ಹುಡುಗ ಉಸಿರು ತೆಗೆದುಕೊಂಡ. "ನಾನ ನೋಡಲಿಲ್ಲ. ತಪ್ಪು ನಂದು. ಸರ್‌ನ ಬೈಬ್ಯಾಡ್ರಿ."

ಬಾಗಿಲಲ್ಲಿ ನಿಂತಿದ್ದ ಪಾರೀಸರು ಒಳಬಂದು ಮಗನ ಹೊದಿಕೆ ಸರಿಪಡಿಸಿದರು.

ಹೊರಸಾಲೆಯಲ್ಲಿ ಅಜಿಂಕ್ಯ ಕಾಣಲಿಲ್ಲ. ಸಂಜೆ ನಾಲ್ಕೂವರೆಗೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಒಂದು ಬಸ್ಸು ಹತ್ತಿ, ಇಳಿದು, ಮತ್ತೊಂದರ ಬೋರ್ಡು ನೋಡುತ್ತಿದ್ದ. ತ್ರ್ಯಂಬಕರು ಕೈಗೆ ಬೇಡಿ ತೊಡಿಸಲಿಲ್ಲ, ಹುಡುಗನ ಹೇಳಿಕೆಯನ್ನು ಓದಿ ಹೇಳಿದರು. ಅಜಿಂಕ್ಯ ಅಲ್ಲೇ ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಕುಸಿದು ಅತ್ತ.

"ನಿನ್ನೆ ರಾತ್ರಿ ಮರಳು ನಾನ ಸುರುವಿದೆ. ಮ್ಯಾಚ್ ನಿಂತರ ಸಾಕಿತ್ರಿ. ಮೊದಲ ರೆಫ್ರಿ ನೋಡ್ಲಿ ಅಂತ ಬೇಕಂತನ ತಡಾ ಮಾಡಿದೆ. ನನ್ನ ಹುಡುಗ್ರು ಆರಕ್ಕ ಬರತಾರಂತ ನೆಪ್ಪಾಗಲಿಲ್ಲ. ನಾನ ಹಚ್ಚಿದ ರೂಢಿರಿ ಅದು."

ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಏಳು ವರ್ಷದ ಹಿಂದೆ, ಎಲ್ಲಿ ಆಡಿದ್ದಿರಿ ಎಂದು ಪಾಲಕರು ಕೇಳಿದ್ದಕ್ಕೆ ಅವನು ಒಂದು ಸುಳ್ಳು ಹೇಳಿದ್ದ. ಒಗೆಯುತ್ತಿದ್ದೆ ಎಂದರೆ ಮಕ್ಕಳನ್ನು ಯಾರು ಕಳಿಸುತ್ತಿದ್ದರು? ಆಮೇಲೆ ಆ ಸುಳ್ಳು ಮಕ್ಕಳ ಹೆಮ್ಮೆಯಾಯಿತು. ಅದನ್ನು ಕಳೆದುಕೊಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ.

"ಸಾಹೇಬ್ರ, ತಪ್ಪು ಪಾರ್ಶ್ವಂದಲ್ಲಂತ ಅವಗ ಹೇಳ್ರಿ," ಎಂದ ದಾರಿಯಲ್ಲಿ.

ಏಳು ಗಂಟೆಗೆ ತ್ರ್ಯಂಬಕರು ಹುಡುಗನ ಮಂಚದ ಬಳಿ ನಿಂತು, ಚೀಲ ತೆಗೆದವರು ಯಾರೆಂದು ಆದಷ್ಟು ಮೆತ್ತಗೆ ಹೇಳಿದರು.

"ಸುಳ್ಳು ಹೇಳಬ್ಯಾಡ್ರಿ," ಎಂದು ಪಾರ್ಶ್ವ ಮುಖ ತಿರುಗಿಸಿಕೊಂಡ.