ಗಾಜಿನಲ್ಲಿ ಕಂಡ ಶಾಖ

ಫೆಬ್ರವರಿ 11, ಬೆಳಿಗ್ಗೆ 10.40. ರಾಮನಗರದ ಠಾಣೆಗೆ ಬಂದ ಮಜೀದಾ ತಮ್ಮ ರೇಷ್ಮೆ ರೀಲಿಂಗ್ ಘಟಕದ ಉಗ್ರಾಣದಿಂದ ಹಿಂದಿನ ದಿನ ಹನ್ನೆರಡು ಲಡಿ ರೇಷ್ಮೆ ನೂಲು ಕಳುವಾಗಿದೆ ಎಂದು ದೂರು ಕೊಟ್ಟರು. ಜೊತೆಗೊಂದು ಚಿತ್ರ. ಬಾಯ್ಲರ್ ತಪಾಸಣೆಗೆ ಬರುವ ಯೋಗಾನಂದ ಶಾಖ ಗುರುತಿಸುವ ಕ್ಯಾಮೆರಾದಲ್ಲಿ ತೆಗೆದದ್ದು: ಮಧ್ಯಾಹ್ನ 3.15, ಉಗ್ರಾಣದ ಗಾಜಿನ ಕಿಟಕಿಯಲ್ಲಿ ಕಿತ್ತಳೆ ಬಣ್ಣದ ಆಳಿನ ಆಕಾರ.

"ಒಳಗಿದ್ದೋನು ಶಾರುಖ್ಖೇ ಅಂತಾರೆ ಯೋಗಾನಂದ. ಬೀಗದ ಕೈಯೂ ಅವ್ನತ್ರಾನೇ ಐತೆ. ಆದ್ರೂ ನನ್ಗೆ ನಂಬಕ್ಕಾಗ್ತಿಲ್ಲ ಮೇಡಂ."

ಸಬ್ ಇನ್ಸ್‌ಪೆಕ್ಟರ್ ಸ್ಪಂದನಾ ಎಫ್‌ಐಆರ್ ದಾಖಲಿಸಿ ಘಟಕದಲ್ಲಿ ನೂಲು ತೆಗೆಯುವ ಶಾರುಖ್‌ನನ್ನು ಕರೆಸಿದಳು.

"ಬೀಗದ ಕೈ?"

"ಊಟದ ಹೊತ್ತಲ್ಲಿ ಮೊಳೆಗೆ ನೇತಾಕ್ತೀನಿ, ಯಾರ್ ಬೇಕಾದ್ರೂ ತಕ್ಕಬೋದು. ಸೋಮ್ವಾರ ಚನ್ನಪಟ್ಟಣಕ್ಕೆ ಹೊಂಟಿದ್ದೆ ಮೇಡಂ. ಬೊಂಬೆ ಕಾರ್ಖಾನೇಲಿ ಕೆಲ್ಸ ಸಿಕ್ಕೈತೆ. ಕೇಸಾದ್ರೆ ಯಾರು ಸೇರುಸ್ಕತ್ತಾರೆ?"

ಮಧ್ಯಾಹ್ನ ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ಊಟ ಮಾಡುತ್ತಾ ಸ್ಪಂದನಾ ಚಿತ್ರಕ್ಕೆ ಲಗತ್ತಾಗಿದ್ದ ಯೋಗಾನಂದನ ಬಾಯ್ಲರ್ ವರದಿಯನ್ನು ಓದಿದಳು. ಮನೆಯ ಮೌನಕ್ಕೆ ಹೆದರಿ ಸಿಕ್ಕಿದ್ದನ್ನೆಲ್ಲ ಕೊನೆಯ ಸಾಲಿನವರೆಗೆ ಓದುವುದು ಅವಳಿಗೆ ರೂಢಿಯಾಗಿತ್ತು. ಕೊನೆಯ ಪುಟದಲ್ಲಿ ಪದಗಳ ಅರ್ಥವಿತ್ತು. ಉತ್ಸರ್ಜನಾಂಕ: ವಸ್ತುವೊಂದು ತನ್ನ ಶಾಖವನ್ನು ಎಷ್ಟರ ಮಟ್ಟಿಗೆ ಹೊರಸೂಸುತ್ತದೆ ಎಂಬ ಅಳತೆ. ಪ್ರತಿಫಲಿತ ತಾಪ: ಎದುರಿನ ವಸ್ತುವಿನ ಶಾಖ ಮೇಲ್ಮೈಗೆ ಬಡಿದು ಮರಳುವುದು. ಗಾಜಿನ ಆಚೆಯದು ಈ ಕ್ಯಾಮೆರಾಕ್ಕೆ ಕಾಣದು. ಎದುರು ನಿಂತವನೇ ಕಾಣುತ್ತಾನೆ.

ಅವಳು ಕೈ ತೊಳೆದು ಎದ್ದಳು.

ಸಂಜೆ 4.00. ಯೋಗಾನಂದ ಮತ್ತು ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಪಂದನಾ ಉಗ್ರಾಣದೊಳಗೆ ನಿಂತಳು. ಕಾನ್‌ಸ್ಟೆಬಲ್ ಚೆಲುವಯ್ಯ ಹೊರಗಿನಿಂದ ಕಿಟಕಿಗೆ ಕ್ಯಾಮೆರಾ ಹಿಡಿದ.

"ಮೇಡಂ, ನೀವೆಲ್ಲೂ ಇಲ್ಲ! ನನ್ ಹೊಟ್ಟೇನೇ ಕಾಣ್ತೈತೆ!"

"ಒಸಿ ಕಮ್ಮಿ ತಿನ್ರೀ," ಎಂದರು ಮಜೀದಾ.

ಯೋಗಾನಂದ ಮಾತ್ರ ನಗಲಿಲ್ಲ. ಪಂಚನಾಮೆ ಮುಗಿಸಿ ಸ್ಪಂದನಾ ಅವನತ್ತ ತಿರುಗಿದಳು.

"ಚಿತ್ರದಲ್ಲಿರೋದು ಯಾರು?"

"ನಾನೇ."

"ವರದಿಯ ಕೊನೇ ಪುಟ ಬರೆದದ್ದು?"

"ನಾನೇ. ಅದನ್ನ ಇದುವರೆಗೂ ಯಾರೂ ಓದಿರ್ಲಿಲ್ಲ ಮೇಡಂ," ಎಂದ.

ಅವನೇ ಕರೆದೊಯ್ದು ತೋರಿಸಿದ ಐಜೂರಿನ ಬಾಡಿಗೆ ಕೋಣೆಯಲ್ಲಿ, ಮಂಚದ ಕೆಳಗೆ, ಹನ್ನೆರಡು ಲಡಿಗಳೂ ಪೇಪರಿನಲ್ಲಿ ಸುತ್ತಿದಂತೆಯೇ ಸಿಕ್ಕವು. ಮಾರುವ ಯೋಚನೆಯೇ ಇದ್ದಂತಿರಲಿಲ್ಲ.

"ಮತ್ಯಾಕೆ?"

"ಆರು ವರ್ಷದಿಂದ ಘಟಕ ಘಟಕ ತಿರುಗ್ತೀನಿ. ಬಾ, ಟೀ ಕುಡಿಯಾನ ಅಂತ ಕರೆದೋನು ಶಾರುಖ್ ಒಬ್ನೇ. ಕೇಸಾದ್ರೆ ಊರು ಬುಟ್ಟೋಗಂಗಿಲ್ಲ, ಇಲ್ಲೇ ಇರ್ತಾನೆ ಅಂದ್ಕಂಡೆ."

6.20ಕ್ಕೆ ಬಂಧನ. ಠಾಣೆಯಲ್ಲಿ ಸ್ಪಂದನಾ ಬಂಧನ ಪತ್ರ ತುಂಬುತ್ತಾ ನಿಯಮದಂತೆ ಕೇಳಿದಳು:

"ವಿಷಯ ಯಾರಿಗೆ ತಿಳಿಸ್ಬೇಕು? ಮನೆಯವರು, ಸ್ನೇಹಿತರು?"

ಅವನು ಬಾಯಿಪಾಠವಾಗಿದ್ದ ಹತ್ತು ಅಂಕಿ ಹೇಳಿದ.

"ಹೆಸರು?"

"ಶಾರುಖ್."

ಅವಳು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಲಿಲ್ಲ. ಆ ಹೆಸರನ್ನೇ ಬರೆದು, ತಾನೇ ಫೋನ್ ಹಚ್ಚಿದಳು.