ಎಣ್ಣೆ ಬೇಡದ ಹಲಗೆ

ಅಪ್ಪನ ಅನ್ನಕ್ಕೆ ಕಲ್ಲು ಹಾಕಿದ ಮನುಷ್ಯ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅವಳು ಉಳಿ ಮಸೆಯುತ್ತಿದ್ದಳು. ಗುರುತು ಹಿಡಿಯಲು ಅರೆಗಳಿಗೆ ಸಾಕಾಯಿತು. ಅವನಿಗೆ ಮಾತ್ರ ಅವಳ ಗುರುತು ಸಿಗುವಂತಿರಲಿಲ್ಲ. ಅಪ್ಪನ ಕೆಲಸ ಹೋದಾಗ ಅವಳಿಗೆ ಬರೀ ಎಂಟು ವರ್ಷ.

ಅವನು ಕಟ್ಟಡ ತಪಾಸಣೆಯ ಸಾಹೇಬ, ಈಗ ನಿವೃತ್ತ. ಇಪ್ಪತ್ತೈದು ವರ್ಷದ ಹಿಂದೆ ಕ್ಲಬ್ಬೊಂದರ ಮರದ ಬಾಲ್ಕನಿ ಕುಸಿದು ಒಬ್ಬರು ಸತ್ತಾಗ, ಅದರ ಬುಡಕ್ಕೆ ಇಳಿದು ಬಗ್ಗಿ ನೋಡದೆ ಕುರ್ಚಿಯಲ್ಲಿ ಕೂತೇ ವರದಿ ಬರೆದವನು: ಬಡಗಿ ಕಳಪೆ ಮರ ಬಳಸಿದ್ದಾನೆ. ಮಾಡಿನ ನೀರು ವರ್ಷಗಟ್ಟಲೆ ಬಾಲ್ಕನಿಯ ತೊಲೆಗೇ ಸೋರುತ್ತಿತ್ತು ಎಂದು ಅಪ್ಪ ಬಾಯಿ ಒಣಗುವಷ್ಟು ಹೇಳಿದ. ಯಾರೂ ಕೇಳಲಿಲ್ಲ. ಹೂಬಳ್ಳಿ ಕೆತ್ತುತ್ತಿದ್ದ ಕೈ ಆಮೇಲೆ ಹಣ್ಣಿನ ಪೆಟ್ಟಿಗೆಗೆ ಮೊಳೆ ಹೊಡೆದೇ ಸವೆಯಿತು. ಅಪ್ಪ ಸತ್ತ ದಿನವೂ ಅಂಗಳದಲ್ಲಿ ಯಾರೋ ‘ಬಾಲ್ಕನಿ ಬಡಗಿ’ ಎಂದೇ ಅಂದರು. ಆ ಮಾತನ್ನು ಅವಳು ನುಂಗಿದ್ದಳು, ಅರಗಿಸಿಕೊಂಡಿರಲಿಲ್ಲ.

“ಮನೆ ಹಿಂದೆ ತೋಟದ ತುದೀಲಿ ಕೂತ್ಕೊಳ್ಳೋಕೆ ಒಂದು ಡೆಕ್ ಬೇಕಮ್ಮ, ಹಲಗೆ ಜಗಲಿ ಥರದ್ದು,” ಎಂದ ಸಾಹೇಬ. “ವರ್ಷವರ್ಷ ಎಣ್ಣೆ ಹಚ್ಚೋದು, ಗೆದ್ದಲಿಗೆ ಔಷಧಿ ಹೊಡಿಯೋದು ನನ್ನ ಕೈಲಾಗಲ್ಲ. ಒಂದ್ಸಲ ಹಾಕಿಸಿದ್ರೆ ಮರೆತುಬಿಡ್ಬೇಕು.”

“ಮರೆತುಬಿಡೋ ಹಾಗೇ ಮಾಡ್ಕೊಡ್ತೀನಿ ಸರ್.”

ಜಾಗ ನೋಡಿ ಬಂದಳು. ಮನೆಯ ಹಿಂಗೋಡೆಯಿಂದ ಶುರುವಾದ ತೋಟ ಹದಿನೈದು ಅಡಿಗೆ ಮುಗಿದು, ಕಲ್ಲಿನ ಅಂಚಿನಾಚೆ ಎರಡಾಳು ಆಳಕ್ಕೆ ಧುಮುಕುತ್ತಿತ್ತು. ಕೆಳಗೆ ಬರೀ ಬಂಡೆ. ಹೆಂಡತಿಗೆ ಮಂಡಿನೋವು, ಹಿಂಬಾಗಿಲು ದಾಟುವುದೇ ಇಲ್ಲವಂತೆ. ಸಂಜೆ ಪೇಪರು ಹಿಡಿದು ಅಂಚಿನಲ್ಲಿ ಕೂರುವವನು ಅವನೊಬ್ಬನೇ.

ಒಳ್ಳೆಯ ವ್ಯಾಪಾರಿಯಂತೆ ಮೂರು ಮಾದರಿ ಮುಂದಿಟ್ಟಳು. ತೇಗ ಚೆನ್ನ, ಆದರೆ ಎಣ್ಣೆ ಕೇಳುತ್ತದೆ. ಕಲ್ಲುಚಪ್ಪಡಿ ಪಾಚಿ ಕಟ್ಟುತ್ತದೆ. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆಗೆ ಗೆದ್ದಲಿಲ್ಲ, ಕೊಳೆಯುವುದಿಲ್ಲ, ಪೊರಕೆ ಆಡಿಸಿದರೆ ಸಾಕು. ಕಂಪನಿಯದೇ ಇಪ್ಪತ್ತೈದು ವರ್ಷದ ಗ್ಯಾರಂಟಿ. ಅವಳು ಹೇಳಿದ್ದೆಲ್ಲ ನಿಜವೇ. ಹೇಳದೆ ಬಿಟ್ಟದ್ದು ಒಂದೇ: ಹಲಗೆ ಕೊಳೆಯದಿದ್ದರೂ ಅದನ್ನು ಹೊರುವ ತೊಲೆ ಮರದ್ದು, ಅದಕ್ಕೆ ಯಾವ ಕಂಪನಿಯ ಗ್ಯಾರಂಟಿಯೂ ಇಲ್ಲ.

ಚಳಿಗಾಲದ ಬೆಳಗುಗಳಲ್ಲಿ ಅವಳೊಬ್ಬಳೇ ಕೆಲಸ ಮಾಡಿದಳು. ಗೋಡೆಯ ಕಡೆ ಔಷಧಿ ಕುಡಿಸಿದ ಗಟ್ಟಿ ತೊಲೆ. ಅಂಚಿನ ಕಡೆಯ ಮೂರಕ್ಕೆ ಮಾತ್ರ ಹಣ್ಣಿನ ಪೆಟ್ಟಿಗೆಗೆ ಬಳಸುವ ಮೆದು ಮರ, ಮೇಲೆ ಕಪ್ಪು ಬಣ್ಣ. ಎರಡು ಮಳೆಗಾಲ, ಹೆಚ್ಚೆಂದರೆ ಮೂರರಲ್ಲಿ ಅವು ಕೊಳೆತು ಮುರಿದು, ಅಂಚಿನಲ್ಲಿ ಕೂತವನನ್ನು ಬಂಡೆಯತ್ತ ಉರುಳಿಸುತ್ತವೆ. ತೇಗದ ಹಲಗೆಯಾದರೆ ಅಡಿಯ ನೋವನ್ನು ಮೇಲೆ ತೋರಿಸಿಬಿಡುತ್ತಿತ್ತು. ಇದು ಬೀಳುವ ಗಳಿಗೆಯವರೆಗೂ ಹೊಸದಾಗಿಯೇ ಇರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು. ಆಮೇಲೆ ಯಾರಾದರೂ ಕೇಳಿದರೆ, ನೀರು ಸೋರಿರಬೇಕು ಎಂದು ಹೇಳಿದರಾಯಿತು. ಆ ಉತ್ತರ ನೆನೆದು ಅವಳಿಗೆ ನಗು ಬಂತು. ಕೊನೆಗೆ ಹಲಗೆಗಳನ್ನು ಗೋಡೆಯಿಂದ ಕಲ್ಲಿನ ಅಂಚಿನವರೆಗೆ ಅಪ್ಪ ಕಲಿಸಿದಂತೆ ಬಿಗಿದು ಕೂರಿಸಿದಳು.

ಸಾಹೇಬ ಬಂದು ಊರುಗೋಲಿನಿಂದ ಎರಡು ಸಲ ಕುಟ್ಟಿ, “ಭೇಷ್” ಎಂದ. ಬಗ್ಗಿ ನೋಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅದನ್ನೇ ನಂಬಿ ಅವಳು ಸಾಮಾನು ಕಟ್ಟಿಕೊಂಡು ಮನೆಗೆ ಹೋದಳು. ಕಾಯುವುದು ಅವಳಿಗೆ ಹೊಸದೇನಲ್ಲ.

ಮೂರೇ ತಿಂಗಳಿಗೆ ಸಾಹೇಬನ ಫೋನ್ ಬಂತು. “ಕಂಪನಿಯವರು ಬಂದಿದ್ದಾರೆ, ನೀನೂ ಒಂಚೂರು ಬಾಮ್ಮ.”

ಇನ್ನೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಲಗೆಗಳು ನಡುವೆ ಕಮಾನಿನಂತೆ ಉಬ್ಬಿ ನಿಂತಿದ್ದವು. ಕಂಪನಿಯವನು ಒಂದು ಬದಿಯಿಂದ ನಾಲ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದ. “ತುದೀಲಿ ಒಂದು ಬೆರಳು ಜಾಗ ಬಿಡ್ಬೇಕಿತ್ತು ಮೇಡಂ. ಮರ ಹಿಗ್ಗೋದು ಅಗಲಕ್ಕೆ. ಇದು ಬಿಸಿಲಿಗೆ ಉದ್ದಕ್ಕೆ ಬೆಳೆಯುತ್ತೆ,” ಎಂದ. ಹಲಗೆ ಉದ್ದಕ್ಕೆ ಬೆಳೆಯುವುದನ್ನು ಅಪ್ಪನೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಸಾಹೇಬ ಊರುಗೋಲು ಬದಿಗಿಟ್ಟು, ಮಂಡಿಯೂರಿ ಬಗ್ಗಿ, ಬೀಗದ ಕೈಯಿಂದ ಅಂಚಿನ ತೊಲೆ ಕೆರೆಯುತ್ತಿದ್ದ. ಕಪ್ಪು ಬಣ್ಣದಡಿಯಲ್ಲಿ ಬಿಳಿ ಮರ ಕಂಡಿತು. “ಸರ್ವೀಸಲ್ಲಿದ್ದಾಗ ಒಬ್ಬ ಬಡಗಿ ಮೇಲೆ ಇದನ್ನೇ ಬರೆದಿದ್ದೆ, ಕಳಪೆ ಮರ ಅಂತ,” ಎಂದ ತಲೆಯೆತ್ತದೆ. “ಪಾಪ, ಅನ್ಯಾಯ ಮಾಡಿದೆನೇನೋ ಅಂತ ಇತ್ತೀಚೆಗೆ ಮನಸ್ಸು ಚುಚ್ತಾ ಇತ್ತು. ಆ ವರದಿ ತಪ್ಪು ಅಂತ ಬರೆದುಕೊಡೋಣ ಅಂತಾನೂ ಇದ್ದೆ.” ಆಮೇಲೆ ಅವಳ ಮುಖ ನೋಡಿ ಮೆಲ್ಲಗೆ ಕೇಳಿದ, “ನೀನು ಈ ಕೆಲಸ ಯಾರ ಹತ್ರ ಕಲಿತಿದ್ದಮ್ಮ?”